ಮಂಗಳವಾರದ ಕ್ಷೌರ: ಕೂದಲು ತೆಳುವಾದವರು ಓದಲೇಬೇಕು

ಬಳ್ಳಾರಿಯಲ್ಲಿ ಮಂಗಳವಾರ ಕಟಿಂಗ್ ಅಂಗಡಿಗಳಿಗೆ ರಜೆ. ಗೊತ್ತಿದ್ದೂ ಸೋಮವಾರದವರೆಗೆ ತಲೆಯ ಕಡೆ ಗಮನ ಕೊಡದೆ ಕುಳಿತದ್ದು ನನ್ನ ಮೊದಲ ತಪ್ಪು. ಬುಧವಾರ ಸಿರುಗುಪ್ಪದಲ್ಲಿ ಹೆಂಡತಿಯ ತಮ್ಮನ ಮದುವೆ, ಅದೂ ಮೇ ತಿಂಗಳು. ಮಂಗಳವಾರ ಕೌಲ್ ಬಜಾರಿಗೆ ಹೋದರೆ, ಹನ್ನೆರಡು ವರ್ಷದಿಂದ ನನ್ನ ತಲೆಯನ್ನು ಬಲ್ಲ ಅಂಗಡಿಯ ಷಟರ್ ಇಳಿದಿತ್ತು. ತೆರೆದಿದ್ದದ್ದು ಗಾಜಿನ ಬಾಗಿಲಿನ, ಎ.ಸಿ. ಹಾಕಿದ ಒಂದು ಸಲೂನ್ ಮಾತ್ರ. ಅದರ ಹೆಸರು ಬೇಡ. ಇದೇ ವರಸೆಯ ಸಲೂನುಗಳು ಈಗ ಎಲ್ಲ ಊರಿನಲ್ಲೂ ಇವೆ.

ನನಗೆ 41 ವರ್ಷ. ಹಣೆಯ ಎರಡೂ ಮೂಲೆಗಳು ಒಳಕ್ಕೆ ಸರಿದಿವೆ, ನೆತ್ತಿಯ ಮೇಲೆ ಸಣ್ಣ ಬಟ್ಟಲು ಬೋರಲು ಹಾಕಿದಷ್ಟು ಜಾಗದಲ್ಲಿ ಚರ್ಮ ಹೊಳೆಯುತ್ತದೆ. ಬೋಳು ಎನ್ನುವಂತಿಲ್ಲ, ತುಂಬುಗೂದಲು ಎನ್ನುವಂತೆಯೂ ಇಲ್ಲ. ಈ ನಡುವಿನ ಸ್ಥಿತಿಯಲ್ಲಿರುವ ಗಂಡಸಿನಷ್ಟು ಸುಲಭವಾಗಿ ಮೋಸಹೋಗುವವನು ಇನ್ನೊಬ್ಬನಿಲ್ಲ ಎಂದು ಈಗ ಅನಿಸುತ್ತದೆ.

ಒಳಗೆ ಹೋಗಿ ಕುಳಿತ ಕೂಡಲೇ ಹುಡುಗನೊಬ್ಬ ಪೆನ್ನಿನಂಥ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಹಿಡಿದ. ಎದುರಿನ ಪರದೆಯ ಮೇಲೆ ನನ್ನ ತಲೆ ಬೇಸಿಗೆಯ ತುಂಗಭದ್ರೆಯ ಪಾತ್ರದಂತೆ ಕಂಡಿತು: ಬರೀ ಮರಳು, ಅಲ್ಲೊಂದು ಇಲ್ಲೊಂದು ಜೊಂಡು. "ಸಾರ್, ಬೇರುಗಳು ಮುಚ್ಚಿಕೊಂಡಿವೆ. ಆರು ಸಲ ಸೀರಮ್ ಹಚ್ಚಿ ಮಸಾಜ್ ಮಾಡಿಸಿದರೆ ತೆರೆದುಕೊಳ್ಳುತ್ತವೆ" ಎಂದ. ಪ್ಯಾಕೇಜಿಗೆ ನಾನು ಒಪ್ಪಲಿಲ್ಲ. ಆದರೆ ಹೆದರಿದ್ದಂತೂ ನಿಜ, ಹೆದರಿದವನು ಆಮೇಲೆ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ.

ಮೊದಲು ತಲೆ ತೊಳೆದು, ಒದ್ದೆಯಲ್ಲೇ ಕತ್ತರಿ ಆಡಿಸಿದ. ತೆಳುಗೂದಲು ಒದ್ದೆಯಾದರೆ ಎಳೆ ಎಳೆಯಾಗಿ ಅಂಟಿಕೊಳ್ಳುತ್ತದೆ. ಎಲ್ಲಿ ಎಷ್ಟು ದಟ್ಟವಾಗಿದೆ, ಎಲ್ಲಿ ಚರ್ಮ ಕಾಣುತ್ತದೆ ಎಂಬುದು ಕತ್ತರಿಸುವವನಿಗೇ ತಿಳಿಯುವುದಿಲ್ಲ, ಒಣಗಿದ ಮೇಲೆ ಕೂದಲು ಮೇಲಕ್ಕೆದ್ದು ಇನ್ನೂ ಗಿಡ್ಡವಾಗುತ್ತದೆ. ಅದಾದ ಮೇಲೆ ಅವನು ಕೈಗೆತ್ತಿಕೊಂಡದ್ದು ಹಲ್ಲಿರುವ ಕತ್ತರಿ. ದಟ್ಟ ಕೂದಲಿನ ಭಾರ ಇಳಿಸುವುದಕ್ಕೆಂದೇ ಮಾಡಿದ ಸಾಧನ ಅದು. ಹತ್ತು ಎಳೆ ಇರುವಲ್ಲಿ ನಾಲ್ಕನ್ನು ಕತ್ತರಿಸಿ ಆರನ್ನು ಬಿಡುತ್ತದೆ. ನನ್ನ ನೆತ್ತಿಯಲ್ಲಿ ಕಳೆಯುವುದಕ್ಕೆ ನಾಲ್ಕು ಎಲ್ಲಿದ್ದವು? "ಇದರಿಂದ ವಾಲ್ಯೂಮ್ ಬರುತ್ತದೆ ಸಾರ್" ಎಂದ. ಏನು ಬಂತೋ ಕಾಣೆ, ಇದ್ದದ್ದು ಹೋಯಿತು.

ಪಕ್ಕಗಳನ್ನು ಮಷಿನ್ನಿನಿಂದ ಸಣ್ಣಗೆ ಮಾಡಿದ್ದು ತಪ್ಪಲ್ಲ, ಅದನ್ನು ಒಪ್ಪುತ್ತೇನೆ. ಪಕ್ಕದಲ್ಲಿ ಕೂದಲು ದಟ್ಟವಾಗಿ ಉಬ್ಬಿಕೊಂಡಿದ್ದರೆ ಮೇಲಿನ ತೆಳುವು ಎದ್ದು ಕಾಣುತ್ತದೆ. ಆದರೆ ಮುಂದಿನ ಕೂದಲನ್ನು ಉದ್ದ ಬಿಟ್ಟು, ಬೈತಲೆ ತೆಗೆದು, ನೆತ್ತಿಯ ಮೇಲಿನಿಂದ ಅಡ್ಡಕ್ಕೆ ಹಾಯಿಸಿ ಜೆಲ್ ಹಚ್ಚಿದ. ಜೆಲ್ ಎಂದರೆ ಮತ್ತೆ ಒದ್ದೆ ಕೂದಲೇ, ಮಧ್ಯೆ ಮಧ್ಯೆ ಚರ್ಮದ ಗೆರೆಗಳು. ಕನ್ನಡಿಯಲ್ಲಿ ನೋಡಿ ನನ್ನ ಮುಖ ಸಣ್ಣದಾಯಿತು. ಅವನು ಅದಕ್ಕೇ ಕಾಯುತ್ತಿದ್ದನೇನೋ, ಕರಿಯ ಪುಡಿಯ ಡಬ್ಬಿ ಹೊರಗೆ ಬಂತು.

ಈ ಪುಡಿಗೆ ಹೇರ್ ಫೈಬರ್ ಎನ್ನುತ್ತಾರೆ. ಹೆಚ್ಚಾಗಿ ಕೆರಟಿನ್ನಿನ (ನಮ್ಮ ಕೂದಲಲ್ಲೇ ಇರುವ ಪ್ರೋಟೀನು) ಸಣ್ಣ ಎಳೆಗಳು, ಸ್ಥಾಯೀ ವಿದ್ಯುತ್ತಿನಿಂದ ಇರುವ ಕೂದಲಿಗೆ ಅಂಟಿಕೊಂಡು ಅದನ್ನು ದಪ್ಪ ಮಾಡಿ ತೋರಿಸುತ್ತವೆ. ಚಿಮುಕಿಸಿದಾಗ ನಾನು ಹತ್ತು ವರ್ಷ ಚಿಕ್ಕವನಾದದ್ದು ಸುಳ್ಳಲ್ಲ. ಬಿಲ್ಲು 1,640 ರೂಪಾಯಿ: ಕಟಿಂಗಿಗೆ 250, ತೊಳೆದದ್ದಕ್ಕೆ 200, ಕ್ಯಾಮೆರಾ ಹಿಡಿದದ್ದಕ್ಕೆ 300, ಪುಡಿಯ ಡಬ್ಬಿಗೆ 890. ಬಾಗಿಲಿನ ಫಲಕದಲ್ಲಿದ್ದದ್ದು 250 ಮಾತ್ರ. ಕ್ಯಾಮೆರಾಕ್ಕೆ ದುಡ್ಡು ಎಂದು ಮೊದಲೇ ಹೇಳಿದ್ದರೆ ತಲೆ ಕೊಡುತ್ತಲೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ಅದೇ ಪುಡಿ ಉದುರಿಸಿಕೊಂಡು, ಬಿಳಿ ಅಂಗಿ ತೊಟ್ಟು ಮದುವೆಗೆ ಹೋದೆ. ನಮ್ಮ ಕಡೆಯ ಮೇ ತಿಂಗಳನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ತಲೆಗೆ ಪೇಟ ಸುತ್ತಿದರು. ಮುಹೂರ್ತಕ್ಕೆ ಕರೆಂಟ್ ಹೋಯಿತು, ಅಕ್ಷತೆ ಬೀಳುವ ಹೊತ್ತಿಗೆ ಪೇಟದೊಳಗೆ ನೀರು ಹರಿಯುತ್ತಿತ್ತು. ಹೆಂಡತಿಯ ಸೋದರತ್ತೆ ಹತ್ತಿರ ಬಂದು ಮೆಲ್ಲಗೆ, "ಅಳಿಯಂದಿರೇ, ಕಿವಿಯ ಹಿಂದಿನಿಂದ ಮಸಿ ಇಳಿಯುತ್ತಿದೆ, ಒರೆಸಿಕೊಳ್ಳಿ" ಎಂದರು. ಮೆಲ್ಲಗೆ ಎಂದೆನಲ್ಲ, ಹಿಂದಿನ ಎರಡು ಸಾಲಿಗೆ ಕೇಳಿಸಿತು. ಟವೆಲ್ ಕಪ್ಪಾಯಿತು, ಕಾಲರ್ ಕಪ್ಪಾಯಿತು. ಪೇಟ ತೆಗೆದಾಗ ಒಳಗೆ ಮಸಿಯ ಉಂಗುರ, ಹೊರಗೆ ನನ್ನ ನಿಜವಾದ ನೆತ್ತಿ. ಫೋಟೋಗ್ರಾಫರ್ ಆ ಗಳಿಗೆಯನ್ನು ಬಿಡಲಿಲ್ಲ.

ಮರುವಾರ ಚರ್ಮದ ವೈದ್ಯರ ಬಳಿ ಹೋದೆ. ಅವರ ಪ್ರಕಾರ ಬೇರು ಮುಚ್ಚಿಕೊಳ್ಳುವುದು ಎಂಬುದೆಲ್ಲ ಕಟ್ಟುಕಥೆ. ಇದು ಆನುವಂಶಿಕ, ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಕೂದಲ ಬುಡ ವರ್ಷಗಟ್ಟಲೆ ಕಿರಿದಾಗುತ್ತ ಬರುತ್ತದೆ, ಮಸಾಜಿಗೆ ಅದು ಬಗ್ಗುವುದಿಲ್ಲ. ಅಷ್ಟು ಹಿಗ್ಗಿಸಿ ನೋಡಿದರೆ ತುಂಬುಗೂದಲಿನವನ ತಲೆಯಲ್ಲೂ ಬಯಲು ಕಾಣುತ್ತದಂತೆ. ಮಿನಾಕ್ಸಿಡಿಲ್ ಎಂಬ ಔಷಧಿಯನ್ನು ತಲೆಗೆ ಹಚ್ಚಬಹುದು, ಆದರೆ ಗುಣ ಕಾಣಲು ತಿಂಗಳುಗಳು ಬೇಕು, ಬಿಟ್ಟರೆ ಬಂದದ್ದೂ ಉದುರುತ್ತದೆ ಎಂದರು. ಇನ್ನೂ ಯೋಚಿಸುತ್ತಿದ್ದೇನೆ.

ಆಮೇಲೆ ಕೌಲ್ ಬಜಾರಿನ ಅಂಗಡಿಗೆ ಹೋಗಿ ಟೊಪ್ಪಿಗೆ ತೆಗೆದೆ. ಅವರು ಒಂದು ಸುತ್ತು ಬಂದು ನೋಡಿ, "ಇದ್ದದ್ದನ್ನೂ ಆರಿಸಿಬಿಟ್ಟಿದ್ದಾರಲ್ಲ ಅಣ್ಣ" ಎಂದರು. ಒಣಗೂದಲಿನ ಮೇಲೆಯೇ ಕೆಲಸ. ಪಕ್ಕಕ್ಕೆ ಒಂದನೇ ನಂಬರಿನ ಮಷಿನ್, ಮೇಲಕ್ಕೆ ಮೂರನೆಯದು, ಅಂದರೆ ಸುಮಾರು 3 ಮತ್ತು 10 ಮಿಲಿಮೀಟರ್. ಬೈತಲೆ ಇಲ್ಲ, ಜೆಲ್ ಇಲ್ಲ, ಹಲ್ಲಿನ ಕತ್ತರಿ ಡ್ರಾಯರಿನಿಂದ ಹೊರಗೇ ಬರಲಿಲ್ಲ. ಎಲ್ಲವೂ ಗಿಡ್ಡವಾದಾಗ ನೆತ್ತಿಗೂ ಪಕ್ಕಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುವುದಿಲ್ಲ. ಗಡ್ಡವನ್ನು ಸ್ವಲ್ಪ ಬಿಡಿ, ನೋಡುವವರ ಕಣ್ಣು ಕೆಳಗಿಳಿಯುತ್ತದೆ ಎಂದು ಸಲಹೆಯನ್ನೂ ಕೊಟ್ಟರು. 100 ರೂಪಾಯಿ.

ಹೊಸ ಜಾಗಕ್ಕೆ ಹೋಗಲೇಬೇಕಾದರೆ, ತಲೆಗೆ ನೀರು ಬೀಳುವ ಮೊದಲೇ ಮಾತಾಡಿ. ಒಣಗೂದಲು ಕತ್ತರಿಸಿ, ಹಲ್ಲಿನ ಕತ್ತರಿ ಬೇಡ, ಇಂಥ ನಂಬರಿನ ಮಷಿನ್ ಎಂದು ಬಾಯಿಬಿಟ್ಟು ಹೇಳಿ, ಒಟ್ಟು ಎಷ್ಟಾಗುತ್ತದೆ ಎಂದೂ ಕೇಳಿ. ಮದುವೆಯಿದ್ದರೆ ಒಂದು ವಾರ ಮುಂಚೆ ಹೋಗಿ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್, ಕೆಟ್ಟದ್ದನ್ನು ಸರಿಮಾಡಲು ಹಿಂದಿನ ದಿನ ಏನೂ ಆಗುವುದಿಲ್ಲ.

ಪುಡಿಯ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಮಗಳು ಶಾಲೆಯ ನಾಟಕದಲ್ಲಿ ಮೀಸೆ ಬರೆದುಕೊಳ್ಳಲು ಕೇಳಿದ್ದಾಳೆ, ಡಿಸೆಂಬರಿನಲ್ಲಿ ಆದರೆ ಕೊಡುತ್ತೇನೆ ಎಂದಿದ್ದೇನೆ.