ವೈಫೈ ಇಂಕ್ ಟ್ಯಾಂಕ್ ಪ್ರಿಂಟರ್, ಎರಡು ವರ್ಷ ಬಳಸಿದ ಮೇಲೆ: ಪ್ರಿಂಟ್ ಚೆನ್ನ, ‘ಆಫ್‌ಲೈನ್’ ಕಾಟಕ್ಕೆ ಮದ್ದು ಬೇರೆ ಕಡೆ ಇದೆ

ಪ್ರಿಂಟರ್ ತಗೊಂಡು ಎರಡು ವರ್ಷ ದಾಟಿತು. ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಮಾಡುವ ಮಾಮೂಲಿ ಇಂಕ್ ಟ್ಯಾಂಕ್ ಮಾಡೆಲ್. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ, ಯಾಕೆಂದರೆ ಈ ಕಾಟ ಒಂದು ಕಂಪನಿಯದ್ದಲ್ಲ. ನಮ್ಮೂರಲ್ಲೇ ಬೇರೆ ಬೇರೆ ಕಂಪನಿಯ ಪ್ರಿಂಟರ್ ಇಟ್ಟುಕೊಂಡವರಿದ್ದಾರೆ, ಎಲ್ಲರದ್ದೂ ಒಂದೇ ಗೋಳು. ಪ್ರಿಂಟ್ ಕೊಟ್ಟರೆ ‘ಆಫ್‌ಲೈನ್’. ಪ್ರಿಂಟರ್ ಕಣ್ಣೆದುರೇ ಆನ್ ಆಗಿ ಕೂತಿರುತ್ತದೆ, ಫೋನಿನಲ್ಲಿ ವೀಡಿಯೋ ಓಡುತ್ತಿರುತ್ತದೆ, ಆದರೂ ಆಫ್‌ಲೈನ್.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ನಮ್ಮದು ಸಾಗರದ ಕಡೆ ಹಳ್ಳಿ. ಒಂದು ಪಹಣಿ ಪ್ರಿಂಟ್ ಬೇಕೆಂದರೂ ಪೇಟೆಗೇ ಹೋಗಬೇಕು. ಮಗಳ ಶಾಲೆಯವರು ವಾಟ್ಸಾಪ್‌ನಲ್ಲಿ ರಾತ್ರಿ ವರ್ಕ್‌ಶೀಟ್ ಕಳಿಸಿ ಬೆಳಿಗ್ಗೆ ತನ್ನಿ ಅನ್ನುತ್ತಾರೆ. ಅಂಥ ಮನೆಗೆ ಇದು ದೊಡ್ಡ ಉಪಕಾರ. ಇಂಕ್ ಖರ್ಚು ಬಹಳ ಕಡಿಮೆ, ಕಂಪನಿ ಹೇಳುವ ಲೆಕ್ಕದಲ್ಲಿ ಕಪ್ಪು ಅಕ್ಷರದ ಪುಟಕ್ಕೆ ಇಪ್ಪತ್ತು ಪೈಸೆಯೂ ಆಗುವುದಿಲ್ಲ. ಅದು ಸ್ವಲ್ಪ ಉತ್ಪ್ರೇಕ್ಷೆ ಅಂತಿಟ್ಟುಕೊಂಡರೂ ಹಳೇ ಕಾರ್ಟ್ರಿಜ್ ಪ್ರಿಂಟರಿಗೆ ಹೋಲಿಸಿದರೆ ಏನೇನೂ ಅಲ್ಲ. ಅಕ್ಷರ ಚೂಪಾಗಿ ಬರುತ್ತದೆ, ಒತ್ತಕ್ಷರ ಕೂಡ ಕಲಸುವುದಿಲ್ಲ. ಬಣ್ಣದ್ದಕ್ಕೆ ನೀರು ತಾಗಿದರೆ ಹರಡುತ್ತದೆ. ಮಳೆಗಾಲದಲ್ಲಿ ಟ್ರೇಯಲ್ಲೇ ಕಾಗದ ಬಿಟ್ಟರೆ ತಂಡಿ ಹಿಡಿದು ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತದೆ, ಹಾಗಾಗಿ ಕಾಗದದ ಕಟ್ಟು ಯಾವಾಗಲೂ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಇಷ್ಟೇ.

ಇನ್ನು ವೈಫೈ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ. ‘ಸರ್, ಪ್ರಿಂಟರ್ ರಿಮೂವ್ ಮಾಡಿ, ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹೊಸದಾಗಿ ಹಾಕಿ.’ ಹಾಗೆ ಮಾಡಿದರೆ ನಿಜವಾಗಲೂ ಸರಿಯಾಗುತ್ತದೆ! ಅದೇ ಸಮಸ್ಯೆ. ಅವರು ಟಿಕೆಟ್ ಮುಚ್ಚುತ್ತಾರೆ, ನಾವೂ ಥ್ಯಾಂಕ್ಸ್ ಹೇಳಿ ಇಡುತ್ತೇವೆ, ಒಂದೆರಡು ವಾರಕ್ಕೆ ಕರೆಂಟ್ ಹೋಗಿ ಬರುತ್ತದೆ, ಮತ್ತೆ ಆಫ್‌ಲೈನ್. ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಕೆಟ್ಟಿತ್ತು ಅನ್ನುವ ಕಾರಣಕ್ಕೆ ಅದು ಸರಿಯಾಗಿದ್ದಲ್ಲ. ಹೊಸದಾಗಿ ಹಾಕುವಾಗ ಕಂಪ್ಯೂಟರ್ ಮನೆಯ ನೆಟ್‌ವರ್ಕನ್ನೆಲ್ಲ ಜಾಲಾಡಿ ಪ್ರಿಂಟರ್ ಈಗ ಯಾವ ನಂಬರಿನಲ್ಲಿದೆ ಅಂತ ಹುಡುಕಿಕೊಳ್ಳುತ್ತದೆ, ಅಷ್ಟೇ. ಆ ನಂಬರು ಮತ್ತೆ ಬದಲಾದ ದಿನ ಮತ್ತೆ ಅದೇ ಕಥೆ. ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿಸುವ ಬದಲು ಇದೊಂದು ಮಾತು ಹೇಳಿದ್ದರೆ ಸಾಕಿತ್ತು ಅಲ್ವಾ?

ಆಫ್‌ಲೈನ್ ಅಂದ ತಕ್ಷಣ ವೈಫೈ ಹೋಗಿದೆ ಅಂತ ಅರ್ಥವಲ್ಲ. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು, ಪ್ರಿಂಟರ್ ನಿಜವಾಗಿ ರೌಟರಿನಿಂದ ಕಳಚಿಕೊಂಡಿರುವುದು. ಇನ್ನೊಂದು, ಪ್ರಿಂಟರ್ ಸರಿಯಾಗಿಯೇ ಕನೆಕ್ಟ್ ಆಗಿದೆ, ಕಂಪ್ಯೂಟರ್ ತಪ್ಪು ಜಾಗದಲ್ಲಿ ಹುಡುಕುತ್ತಿದೆ. ನನ್ನದರಲ್ಲಿ ಮುಂದೆ ಒಂದು ನೀಲಿ ದೀಪ ಇದೆ. ಮಿಣುಕುತ್ತಿದ್ದರೆ ಮೊದಲನೆಯದು. ಅಲ್ಲಾಡದೆ ಉರಿಯುತ್ತಿದ್ದರೆ ಎರಡನೆಯದು. ದೀಪ ನೋಡದೆ ಯಾವ ಸೆಟ್ಟಿಂಗ್‌ಗೂ ಕೈ ಹಾಕಬೇಡಿ.

ದೀಪ ಸರಿಯಾಗಿದ್ದರೆ ಮುಂದಿನ ಕೆಲಸ ನೆಟ್‌ವರ್ಕ್ ಪುಟ ಪ್ರಿಂಟ್ ತೆಗೆಯುವುದು. ಹೆಚ್ಚಿನ ಪ್ರಿಂಟರ್‌ಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಅಥವಾ ಮೆನುವಿನಲ್ಲಿ ಹುಡುಕಿದರೆ ಇದು ಬರುತ್ತದೆ, ಕಂಪ್ಯೂಟರ್ ಬೇಕಾಗಿಲ್ಲ. ನನಗೆ ಬಂದ ಹಾಳೆಯಲ್ಲಿ ವೈಫೈ ಹೆಸರು ಸರಿ ಇತ್ತು, ಸ್ಟೇಟಸ್ ಕನೆಕ್ಟೆಡ್, ಐಪಿ ಅಡ್ರೆಸ್, ಅಂದರೆ ಆಗ ಹೇಳಿದ ನಂಬರ್, 192.168.1.7. ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್, ಅಂದರೆ ಪ್ರಿಂಟ್ ಯಾವ ವಿಳಾಸಕ್ಕೆ ಹೋಗಬೇಕು ಅನ್ನುವ ಪಟ್ಟಿ, ನೋಡಿದರೆ ಅಲ್ಲಿ 192.168.1.4. ನಾಲ್ಕರಲ್ಲಿ ಯಾರಿದ್ದಾರೆ ಅಂತ ರೌಟರಿನ ಪಟ್ಟಿ ನೋಡಿದರೆ ಮಗಳ ಟ್ಯಾಬ್! ಪಹಣಿಯನ್ನು ಕಂಪ್ಯೂಟರ್ ಟ್ಯಾಬಿಗೆ ಕಳಿಸುತ್ತಾ ಕೂತಿತ್ತು. ಬಾಡಿಗೆ ಮನೆ ಬದಲಿಸಿದವರ ಕಾಗದವನ್ನು ಪೋಸ್ಟ್‌ಮ್ಯಾನ್ ಹಳೇ ಮನೆಗೇ ಕೊಟ್ಟು ಹೋದ ಹಾಗೆ.

ಹೀಗೆ ಆಗುವುದು ಯಾಕೆ ಅಂದರೆ, ಮನೆಯ ಪ್ರತಿ ಫೋನು, ಟಿವಿ, ಪ್ರಿಂಟರಿಗೂ ರೌಟರ್ ಒಂದೊಂದು ನಂಬರ್ ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಕೊಡುವುದು ಶಾಶ್ವತಕ್ಕಲ್ಲ, ಇಷ್ಟು ಹೊತ್ತು ಅಂತ ಲೆಕ್ಕ, ಎಷ್ಟೋ ರೌಟರ್‌ಗಳಲ್ಲಿ 24 ಗಂಟೆ. ಕರೆಂಟ್ ಹೋಗಿ ರೌಟರ್ ಮತ್ತೆ ಶುರುವಾದರೆ ಯಾರಿಗೆ ಯಾವುದು ಕೊಟ್ಟಿದ್ದೆ ಅನ್ನುವುದನ್ನು ಅನೇಕ ರೌಟರ್‌ಗಳು ಮರೆತುಬಿಡುತ್ತವೆ, ಮೊದಲು ಬಂದವರಿಗೆ ಮೊದಲು. ಜೂನ್, ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಿಂಟರ್ ಮಳೆಗಾಲದಲ್ಲೇ ಜಾಸ್ತಿ ಕೈ ಕೊಡುತ್ತದೆ ಅಂತ ಮನೆಯಲ್ಲಿ ಎಲ್ಲರೂ ತಂಡಿಯನ್ನು ಬೈಯುತ್ತಿದ್ದರು.

ಮದ್ದು ರೌಟರಿನಲ್ಲಿದೆ. ಬ್ರೌಸರಿನಲ್ಲಿ ರೌಟರಿನ ವಿಳಾಸ ಹಾಕಿ ಒಳಗೆ ಹೋಗಿ, ಡಿಎಚ್‌ಸಿಪಿ ಸೆಟ್ಟಿಂಗಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಇರುತ್ತದೆ. ಕೆಲವರದ್ದರಲ್ಲಿ ಸ್ಟ್ಯಾಟಿಕ್ ಡಿಎಚ್‌ಸಿಪಿ, ಇನ್ನು ಕೆಲವರದ್ದರಲ್ಲಿ ಐಪಿ ಮ್ಯಾಕ್ ಬೈಂಡಿಂಗ್ ಅಂತ ಹೆಸರು. ಅಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್ ಕೊಟ್ಟು ಒಂದು ನಂಬರ್ ಕಾಯಂ ಮಾಡಬೇಕು. ಮ್ಯಾಕ್ ಅಡ್ರೆಸ್ ಅಂದರೆ ಎರಡೆರಡರ ಆರು ಜೋಡಿ, ಒಟ್ಟು 12 ಅಕ್ಷರ, ಆ ನೆಟ್‌ವರ್ಕ್ ಪುಟದಲ್ಲೇ ಅಚ್ಚಾಗಿರುತ್ತದೆ. ಆಮೇಲೆ ಪ್ರಿಂಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿ. ಫೈಬರ್ ಕೊಟ್ಟ ಕಂಪನಿಯ ಡಬ್ಬದಲ್ಲಿ ಪಾಸ್‌ವರ್ಡ್ ಅವರ ಹತ್ತಿರವೇ ಇದ್ದರೆ ಲೈನ್ ನೋಡುವ ಹುಡುಗನಿಗೆ ಹೇಳಿ. ನಮ್ಮಲ್ಲಿಗೆ ಬಂದವನು ‘ಇದನ್ನ ಯಾರೂ ಕೇಳಲ್ಲ ಅಣ್ಣಾ’ ಅಂತ ನಗುತ್ತಲೇ ಮಾಡಿಕೊಟ್ಟ.

ಅರ್ಧ ಕೆಲಸ ಆಯಿತು. ಇನ್ನರ್ಧ ಕಂಪ್ಯೂಟರಿನಲ್ಲಿ, ಇದನ್ನು ಮಾತ್ರ ಬಿಡಬೇಡಿ. ವಿಂಡೋಸ್ ಎಷ್ಟೋ ಸಲ ತಾನೇ ಪ್ರಿಂಟರ್ ಹುಡುಕಿಕೊಂಡಾಗ ‘ಡಬ್ಲ್ಯುಎಸ್‌ಡಿ’ ಅನ್ನುವ ಪೋರ್ಟ್ ಹಾಕಿಬಿಡುತ್ತದೆ. ಹಾಕುವುದು ಸುಲಭ, ಆದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗಿ ಎದ್ದರೆ ಪ್ರಿಂಟರ್ ಕಾಣುವುದಿಲ್ಲ ಅನ್ನುವ ದೂರು ಇದರಲ್ಲೇ ಜಾಸ್ತಿ. ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಆ್ಯಡ್ ಪೋರ್ಟ್, ಅಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್’ ಆರಿಸಿ ಕಾಯಂ ಮಾಡಿದ ನಂಬರ್ ಕೊಡಿ. ಅದೇ ಪೋರ್ಟಿನ ಕಾನ್ಫಿಗರ್ ಗುಂಡಿ ಒತ್ತಿದರೆ ಕೆಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಅಂತ ಒಂದು ಟಿಕ್ ಇರುತ್ತದೆ. ಕಂಪ್ಯೂಟರ್ ಅದರ ಮೂಲಕ ‘ಇದ್ದೀಯಾ?’ ಅಂತ ಕೇಳುತ್ತದೆ, ಪ್ರಿಂಟರ್ ಆ ಭಾಷೆಯಲ್ಲಿ ಉತ್ತರ ಕೊಡದಿದ್ದರೆ ಆರೋಗ್ಯವಾಗಿರುವ ಪ್ರಿಂಟರಿಗೂ ಆಫ್‌ಲೈನ್ ಹಣೆಪಟ್ಟಿ ಅಂಟುತ್ತದೆ. ಟಿಕ್ ತೆಗೆದೆ. ಅವತ್ತಿನಿಂದ ನಮ್ಮ ಕಂಪ್ಯೂಟರಿನಲ್ಲಿ ಆಫ್‌ಲೈನ್ ಅನ್ನುವುದು ಕಂಡಿದ್ದೇ ಅಪರೂಪ.

ಇಷ್ಟಾದರೂ ಹಳೇ ಪ್ರಿಂಟ್‌ಗಳು ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಹೊಸದೂ ಹೊರಗೆ ಬರುವುದಿಲ್ಲ. ವಿಂಡೋಸಿನ ಸರ್ವೀಸಸ್‌ನಲ್ಲಿ ಈ ಸಾಲು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ರೀಸ್ಟಾರ್ಟ್ ಮಾಡಿ, ಹೆಚ್ಚಿನ ಸಲ ಸಾಲು ಬಿಡುತ್ತದೆ.

ಈಗ ದೀಪ ಮಿಣುಕುವ ಕಾಯಿಲೆ, ಅಂದರೆ ಪ್ರಿಂಟರ್ ನಿಜವಾಗಿ ಕಳಚಿಕೊಳ್ಳುವುದು. ಮನೆಯಲ್ಲಿಡುವ ಬಹಳಷ್ಟು ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಈಗಿನ ರೌಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ, ಯಾರು ಯಾವುದಕ್ಕೆ ಹೋಗಬೇಕು ಅನ್ನುವುದನ್ನು ತಾವೇ ತೀರ್ಮಾನ ಮಾಡುತ್ತವೆ. ಈ ತಳ್ಳಾಟದಲ್ಲಿ ಕೆಲವು ಪ್ರಿಂಟರ್‌ಗಳು ಹೊರಗೆ ಬೀಳುತ್ತವೆ. ನಾನು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಪ್ರಿಂಟರನ್ನು 2.4ಕ್ಕೆ ಕಟ್ಟಿಹಾಕಿದ್ದೇನೆ. ಹಾಗಾದರೆ ಫೋನೂ 2.4ರಲ್ಲೇ ಇರಬೇಕು ಅಂತ ತುಂಬಾ ಜನ ಹೇಳುತ್ತಾರೆ. ಬೇಡ. ಸೆಟಪ್ ಮಾಡುವಾಗ ಕೆಲವು ಆ್ಯಪ್‌ಗಳಿಗೆ ಬೇಕಾಗಬಹುದು, ಆಮೇಲೆ ಫೋನ್ 5ರಲ್ಲಿದ್ದರೂ ಒಂದೇ ರೌಟರ್ ಆದ್ದರಿಂದ ಪ್ರಿಂಟ್ ಹೋಗುತ್ತದೆ. ಗೆಸ್ಟ್ ವೈಫೈಗೆ ಮಾತ್ರ ಯಾರೂ ಸೇರಬಾರದು, ಅಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ಸಾಮಾನ್ಯವಾಗಿ ಗೋಡೆ ಕಟ್ಟಿರುತ್ತಾರೆ. ಹಾಗೆಯೇ ರೌಟರಿನ ವೈಫೈ ಸೆಕ್ಯುರಿಟಿಯಲ್ಲಿ ಬರೀ ಡಬ್ಲ್ಯುಪಿಎ3 ಅಂತ ಇಟ್ಟರೆ ಹಳೇ ಪ್ರಿಂಟರ್‌ಗಳು ಒಳಗೇ ಬರುವುದಿಲ್ಲ, ಡಬ್ಲ್ಯುಪಿಎ2 ಇರಲಿ.

ಗೋಡೆಯ ವಿಷಯ ನಮ್ಮಂಥ ಮನೆಗಳಿಗೆ ಮುಖ್ಯ. ರೌಟರ್ ಜಗಲಿಯಲ್ಲಿ, ಪ್ರಿಂಟರ್ ಒಳಕೋಣೆಯಲ್ಲಿ ಕಬ್ಬಿಣದ ಬೀರುವಿನ ಪಕ್ಕ, ನಡುವೆ ದಪ್ಪ ಜಂಬಿಟ್ಟಿಗೆಯ ಎರಡು ಗೋಡೆ. ನೆಟ್‌ವರ್ಕ್ ಪುಟದಲ್ಲಿ ಸಿಗ್ನಲ್ ಮೈನಸ್ 78 ಅಂತ ಬಂದಿತ್ತು. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, 60ರ ಒಳಗಿದ್ದರೆ ಚೆನ್ನ, 75 ದಾಟಿದರೆ ಇವತ್ತು ಉಂಟು ನಾಳೆ ಇಲ್ಲ. ಬೀರುವಿನ ಪಕ್ಕದಿಂದ ಎತ್ತಿ ಬಾಗಿಲಿನ ನೇರಕ್ಕೆ ಮೇಜು ಹಾಕಿ ಇಟ್ಟ ಮೇಲೆ ಕಳಚಿಕೊಳ್ಳುವುದು ನಿಂತಿತು. ಒಂದು ಪೈಸೆ ಖರ್ಚಿಲ್ಲ.

ಮಹಡಿಗೆ ಸಿಗ್ನಲ್ ಸಿಗಲಿ ಅಂತ ಹಳೇ ರೌಟರ್ ಒಂದನ್ನು ಮೇಲೆ ಹಾಕುವವರು ಬಹಳ ಇದ್ದಾರೆ. ಇಂಟರ್ನೆಟ್ ಬರುತ್ತದೆ, ಆದರೆ ಮೇಲಿದ್ದವರ ಫೋನಿಗೆ ಕೆಳಗಿನ ಪ್ರಿಂಟರ್ ಕಾಣುವುದಿಲ್ಲ. ಫೋನಿನ ಐಪಿ ನೋಡಿ. ಪ್ರಿಂಟರ್ 192.168.1ರಲ್ಲಿದ್ದು ಫೋನ್ 192.168.0ರಲ್ಲಿದ್ದರೆ ಮನೆಯೊಳಗೆ ಎರಡು ನೆಟ್‌ವರ್ಕ್ ಆಗಿವೆ ಅಂತ. ಹಳೇ ರೌಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಒಂದಾಗುತ್ತವೆ.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ತಮ್ಮನ ಕಷ್ಟ ಬೇರೆ. ಅವನ ಮನೆಯಲ್ಲಿ ಗೋಡೆ ತೆಳು, ಅಕ್ಕಪಕ್ಕದ ವೈಫೈ ಜಾಸ್ತಿ. 2.4ರಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್ ಅಂದರೆ 1, 6, 11 ಮೂರೇ. ರೌಟರ್ ‘ಆಟೋ’ದಲ್ಲಿದ್ದರೆ ಜಾಗ ಹುಡುಕುತ್ತಾ ಚಾನೆಲ್ ಬದಲಿಸುತ್ತಾ ಇರುತ್ತದೆ, ಕೆಲವೊಮ್ಮೆ 12, 13ಕ್ಕೂ ಹೋಗುತ್ತದೆ, 11ರ ತನಕ ಮಾತ್ರ ನೋಡುವ ಪ್ರಿಂಟರಿಗೆ ಅದು ಮಾಯವಾದ ಹಾಗೆಯೇ. ಅವನು 11ಕ್ಕೆ ನಿಲ್ಲಿಸಿ, ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿದ ಮೇಲೆ ಸುಮ್ಮನಾಯಿತು. ಅವನ ಆಫೀಸ್ ಲ್ಯಾಪ್‌ಟಾಪ್‌ನಿಂದ ಮಾತ್ರ ಪ್ರಿಂಟ್ ಬರುತ್ತಿರಲಿಲ್ಲ. ಅದಕ್ಕೆ ಕಾರಣ ವಿಪಿಎನ್. ಅದು ಆನ್ ಇದ್ದಾಗ ಲ್ಯಾಪ್‌ಟಾಪಿನ ಮಾತೆಲ್ಲ ಆಫೀಸಿಗೇ ಹೋಗುತ್ತದೆ, ಪಕ್ಕದ ಮೇಜಿನ ಪ್ರಿಂಟರ್ ಅದಕ್ಕೆ ಪರದೇಶ. ಇದನ್ನು ಪ್ರಿಂಟರಿನ ಕಡೆಯಿಂದ ಸರಿ ಮಾಡಲು ಆಗುವುದಿಲ್ಲ, ಸುಮ್ನೆ ಅದರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಕರೆಂಟಿನ ವಿಷಯಕ್ಕೆ ಬಂದರೆ, ಹೋಗಿ ಬಂದಾಗ ಪ್ರಿಂಟರ್ ಬೇಗ ಏಳುತ್ತದೆ, ರೌಟರ್ ಪೂರ್ತಿ ಏಳಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಕೆಲವು ಪ್ರಿಂಟರ್‌ಗಳು ಹುಡುಕಿ ಸಾಕಾಗಿ ಬಿಟ್ಟುಬಿಡುತ್ತವೆ. ರೌಟರಿಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಅಡಾಪ್ಟರಿನ ವೋಲ್ಟ್, ಆಂಪಿಯರ್ ನೋಡಿ ತಗೊಳ್ಳಿ. ನಾನು ಈ ಪ್ರಿಂಟರಿಗಾಗಿ ಮಾಡಿದ ಖರ್ಚಿನಲ್ಲಿ ಅತಿ ಸಾರ್ಥಕವಾದದ್ದು ಅದು, ಪ್ರಿಂಟರಿಗೆ ಅದರ ವಯರೇ ತಾಗುವುದಿಲ್ಲ ಅನ್ನುವುದು ಬೇರೆ ಮಾತು. ಇನ್ನೊಂದು, ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಬೇಡಿ. ಅದರದೇ ಗುಂಡಿ ಒತ್ತಿದರೆ ಇಂಕ್ ಚಿಮ್ಮಿಸುವ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಅದರ ಸಣ್ಣ ತೂತುಗಳು (ನಾಝಲ್) ಒಣಗಿ, ಕ್ಲೀನಿಂಗ್ ಮಾಡಿ ಮಾಡಿ ಇಂಕ್ ಖಾಲಿ.

ಪ್ರಿಂಟರ್ ಕಂಪನಿಯ ಆ್ಯಪ್ ಬಗ್ಗೆ ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ. ತೆರೆದ ಕೂಡಲೇ ಲಾಗಿನ್ ಕೇಳುತ್ತದೆ, ಇಂಕ್ ಮಾರಲು ನೋಡುತ್ತದೆ, ಕೆಲಸದ ಸೆಟ್ಟಿಂಗ್ ಎಲ್ಲೋ ಮೂಲೆಯಲ್ಲಿ. ಬ್ರೌಸರಿನಲ್ಲಿ ಪ್ರಿಂಟರಿನ ಐಪಿ ನಂಬರ್ ಹಾಕಿದರೆ ಅದರದೇ ಪುಟ ತೆರೆಯುತ್ತದೆ, ಎಲ್ಲವೂ ಅಲ್ಲೇ ಸಿಗುತ್ತದೆ. ತಾನಾಗಿ ಆಫ್ ಆಗುವ ಆಟೋ ಪವರ್ ಆಫ್ ಕೂಡ ನಾನು ಅಲ್ಲಿಂದಲೇ ನಿಲ್ಲಿಸಿದ್ದು. ಎರಡು ಗಂಟೆ ಸುಮ್ಮನಿದ್ದರೆ ಮಲಗುವ ಪ್ರಿಂಟರಿಗೂ ಕಂಪ್ಯೂಟರ್ ಹೇಳುವುದು ಅದೇ ಆಫ್‌ಲೈನ್.

ಸ್ಟಾರ್ ಕೊಡುವುದಾದರೆ ಪ್ರಿಂಟಿಗೆ ನಾಲ್ಕೂವರೆ, ಖರ್ಚಿಗೆ ಐದು, ವೈಫೈಗೆ ಎರಡೂವರೆ, ಕಸ್ಟಮರ್ ಕೇರ್‌ಗೆ ಒಂದು, ಅದೂ ಫೋನ್ ಎತ್ತುತ್ತಾರೆ ಅನ್ನುವುದಕ್ಕೆ. ಹೊಸದಾಗಿ ತಗೊಳ್ಳುವವರು ಅಂಗಡಿಯಲ್ಲಿ ಹಿಂದೆ ತಿರುಗಿಸಿ ಲ್ಯಾನ್ ಕೇಬಲ್ ತೂತು ಇದೆಯಾ ನೋಡಿ. ಸ್ವಲ್ಪ ದುಬಾರಿಯಾದರೂ ರೌಟರ್ ಪಕ್ಕ ಇಟ್ಟು ವಯರ್ ಚುಚ್ಚಿದರೆ ಕಳಚಿಕೊಳ್ಳುವ ಕಾಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಂಬರ್ ಕಾಯಂ ಮಾಡುವುದು ಮಾತ್ರ ಆಗಲೂ ಬೇಕು. ನನ್ನದಕ್ಕೆ ಆ ತೂತು ಇಲ್ಲ. ಸ್ಕ್ಯಾನ್ ಈಗಲೂ ಆಗಾಗ ಕಂಪ್ಯೂಟರಿಗೆ ಬರುವುದಿಲ್ಲ, ಆಗ ಅದೇ ಬ್ರೌಸರ್ ಪುಟಕ್ಕೆ ಹೋಗಿ ಅಲ್ಲಿಂದ ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.