ಮಗುವಿನ ಬೊಗಸೆಯಲ್ಲಿ ಹ್ಯಾಮ್‌ಸ್ಟರ್ ಇಡುವ ಮೊದಲು

ನಾಲ್ಕೂವರೆ ವರ್ಷದ ನನ್ನ ಮಗಳ ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗಾಯದ ಗುರುತೊಂದು ಉಳಿದಿದೆ. ನಾವು ಮನೆಗೆ ತಂದ, ಇಲಿಜಾತಿಯ ಪುಟ್ಟ ಸಾಕುಪ್ರಾಣಿಯಾದ ಹ್ಯಾಮ್‌ಸ್ಟರ್ ಕಚ್ಚಿದ ಗುರುತು ಅದು; ಅದೇ ಗಳಿಗೆಯಲ್ಲಿ ಆ ಪುಟ್ಟ ಜೀವದ ಹಿಂಗಾಲೂ ಮುರಿಯಿತು. ಎರಡಕ್ಕೂ ಹೊಣೆ ದೊಡ್ಡವರಾದ ನಮ್ಮದೇ ಆದ್ದರಿಂದ, ಎಳೆಯ ಮಕ್ಕಳಿರುವ ಮನೆಗೆ ಇಂಥ ಪ್ರಾಣಿಯನ್ನು ತರಲು ಹೊರಟಿರುವ ತಂದೆತಾಯಂದಿರಿಗೆ ನಡೆದದ್ದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

"ಬಹಳ ಸಾಧು, ಮಕ್ಕಳು ಎಷ್ಟು ಹೊತ್ತು ಬೇಕಾದರೂ ಎತ್ತಿಕೊಳ್ಳಬಹುದು" ಎಂದು ಮಾರಿದವರು ಹೇಳಿದ್ದರು, ನಾವು ನಂಬಿದೆವು. ಮಾರನೆಯ ದಿನ ಮಧ್ಯಾಹ್ನ, ಮರದ ತುರಿಯ ಗುಡ್ಡೆಯೊಳಗೆ ಮುದುಡಿ ಮಲಗಿದ್ದ ಹ್ಯಾಮ್‌ಸ್ಟರನ್ನು ನಾನೇ ಮೇಲಿನಿಂದ ಕೈ ಹಾಕಿ ಎತ್ತಿ, ಕುರ್ಚಿಯ ಮೇಲೆ ನಿಂತು ಕಾಯುತ್ತಿದ್ದ ಮಗಳ ಬೊಗಸೆಯಲ್ಲಿ ಇಟ್ಟೆ. ಒಂದೆರಡು ಕ್ಷಣ ಅದು ಅಲುಗಾಡದೆ ಕುಳಿತಿತ್ತು. ಕಿವಿಗಳು ಹಿಂದಕ್ಕೆ ಒತ್ತಿಕೊಂಡಿದ್ದವು, ಮೈ ಚಪ್ಪಟೆಯಾಗಿ ಅಂಗೈಗೆ ಅಂಟಿಕೊಂಡಿತ್ತು. ಹೆದರಿ ಮರಗಟ್ಟಿದ್ದ ಪ್ರಾಣಿಯನ್ನು ನಾನು ಶಾಂತವಾಗಿದೆ ಎಂದುಕೊಂಡೆ. ಜಾರಿಹೋದೀತೆಂದು ಮಗಳು ಬೆರಳು ಬಿಗಿ ಮಾಡಿದಳು, ಅದು ಕಚ್ಚಿತು, ಅವಳು ಚೀರಿ ಕೈ ಕೊಡವಿದಳು. ಅದು ನೆಲಕ್ಕೆ ಬಿದ್ದ ಸದ್ದು ತೀರ ಸಣ್ಣದು, ಆದರೆ ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ.

ನಾನು ಮಾಡಿದ್ದರಲ್ಲಿ ಒಂದೂ ಸರಿ ಇರಲಿಲ್ಲ ಎಂಬುದು ಪಶುವೈದ್ಯರ ಮುಂದೆ ಕುಳಿತಾಗ ತಿಳಿಯಿತು. ಹ್ಯಾಮ್‌ಸ್ಟರ್ ರಾತ್ರಿ ಓಡಾಡಿ ಹಗಲು ನಿದ್ರಿಸುವ ಪ್ರಾಣಿ; ಗಾಢನಿದ್ದೆಯಿಂದ ಎಬ್ಬಿಸಿದರೆ ಅದು ತನ್ನನ್ನು ಉಳಿಸಿಕೊಳ್ಳಲೆಂದೇ ಕಚ್ಚುತ್ತದೆ. ಅದರ ದೃಷ್ಟಿ ಮಂದ, ವಾಸನೆ ಮತ್ತು ಸದ್ದಿನಿಂದಲೇ ಸುತ್ತಲಿನದನ್ನು ಗುರುತಿಸಿಕೊಳ್ಳುತ್ತದೆ, ಹೀಗಾಗಿ ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಎರಗಿ ಬರುವ ಹದ್ದಿಗೆ ಸಮ. ಎತ್ತರವನ್ನು ಅಳೆಯಲಾರದೆ ಅಂಗೈ ಅಂಚಿನಿಂದ ತಾನಾಗಿಯೇ ಕೆಳಗೆ ಕಾಲಿಡುವುದೂ ಉಂಟು. ಇನ್ನು ಮಗುವಿನ ವಿಷಯ: ನೋವಾದ ಕ್ಷಣ ಕೈ ಕೊಡವುವುದು ಯೋಚಿಸಿ ಮಾಡುವ ಕೆಲಸವಲ್ಲ. "ಮೆಲ್ಲಗೆ ಹಿಡಿ" ಎಂದು ನೂರು ಸಲ ಹೇಳಿಕೊಟ್ಟರೂ ಆ ಗಳಿಗೆಯಲ್ಲಿ ಅದು ನೆನಪಿಗೆ ಬರುವುದಿಲ್ಲ. ಆದ್ದರಿಂದಲೇ ಪ್ರಾಣಿಯನ್ನು ಎಳೆಯ ಮಗುವಿನ ಕೈಗೆ ಕೊಡಲೇಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ವೈದ್ಯರಿಗೆ ತೋರಿಸಿದೆವು. ಟೆಟನಸ್ ಚುಚ್ಚುಮದ್ದಿನ ಅವಧಿಯನ್ನು ಅವರು ಮೊದಲು ವಿಚಾರಿಸಿದರು. ಕಚ್ಚಿದ್ದು ಇಲಿಯಾಗಿದ್ದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಇಲಿಕಡಿತದ ಜ್ವರ ಸಾಮಾನ್ಯವಾಗಿ 3ರಿಂದ 10 ದಿನಗಳಲ್ಲಿ, ಕೆಲವೊಮ್ಮೆ 3 ವಾರಗಳಷ್ಟು ತಡವಾಗಿಯೂ, ಚಳಿಜ್ವರ, ಮೈಮೇಲೆ ಗುಳ್ಳೆ ಮತ್ತು ಕೀಲುನೋವಾಗಿ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಗಾಯ ಮಾಯ್ದು ಕಚ್ಚಿದ್ದೇ ಮರೆತುಹೋಗಿರಬಹುದು. ಕಚ್ಚದೆಯೂ ಅಪಾಯವಿದೆ: ನೋಡಲು ಆರೋಗ್ಯವಾಗಿರುವ ಪ್ರಾಣಿಯ ಹಿಕ್ಕೆಯಲ್ಲಿ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದು 5 ವರ್ಷದೊಳಗಿನ ಮಕ್ಕಳನ್ನು ಹೆಚ್ಚು ಕಾಡುತ್ತದೆ. ಮುದ್ದಿಸಿ ಮುತ್ತಿಡಲು ಬಿಡಬೇಡಿ, ಪಂಜರವನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ಮನೆಯಲ್ಲಿ ಗರ್ಭಿಣಿಯಿದ್ದರೆ ಹ್ಯಾಮ್‌ಸ್ಟರ್ ಅಥವಾ ಇಲಿ ತರುವ ಯೋಚನೆಯನ್ನು ಮುಂದಕ್ಕೆ ಹಾಕಿ; ಇವು ಹೊತ್ತು ತರಬಹುದಾದ ಒಂದು ವೈರಸ್ ಹೊಟ್ಟೆಯಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು.

ಈಗ ನಮ್ಮಲ್ಲಿ ಎಲ್ಲರೂ ನೆಲದ ಮೇಲೆ ಕುಳಿತೇ ಅದನ್ನು ಹೊರಗೆ ಬಿಡುತ್ತೇವೆ, ಅದೂ ಸಂಜೆ, ಅದು ತಾನಾಗಿ ಎದ್ದ ಮೇಲೆ. ಮುಟ್ಟುವ ಮೊದಲೂ ಕೈ ತೊಳೆಯುತ್ತೇವೆ, ಏಕೆಂದರೆ ತಿಂಡಿಯ ವಾಸನೆಯಿರುವ ಬೆರಳನ್ನು ಅದು ತಿಂಡಿಯೆಂದೇ ತಿಳಿಯುತ್ತದೆ. ಹಿಡಿದುಕೊಳ್ಳುವವಳು ನಾನು, ಮಗಳು ಅದರ ಬೆನ್ನನ್ನು ಎರಡು ಬೆರಳಿನಿಂದ ಕೂದಲು ಮಲಗಿದ ದಿಕ್ಕಿಗೆ ಸವರುತ್ತಾಳೆ, ಮುಖದ ಹತ್ತಿರ ಹೋಗುವುದಿಲ್ಲ. ಇದೇ ಬಗೆಯ, ಆದರೆ ಗಾತ್ರದಲ್ಲಿ ದೊಡ್ಡ ಸಾಕುಪ್ರಾಣಿಯಾದ ಗಿನಿ ಪಿಗ್ ಹಗಲಲ್ಲೂ ಎಚ್ಚರವಿರುತ್ತದೆ, ಕಚ್ಚುವುದು ಅಪರೂಪ, ಹಾಗಾಗಿ ಮಕ್ಕಳಿರುವ ಮನೆಗೆ ಹ್ಯಾಮ್‌ಸ್ಟರಿಗಿಂತ ಅದೇ ಮೇಲು ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಕೈಜಾರಿ ಬಿದ್ದರೆ ಅದರ ಮೂಳೆಯೂ ಮುರಿಯುತ್ತದೆ. ಉದ್ದ ಬಾಲದ, ಇಲಿಯಂಥ ಜರ್ಬಿಲ್ ತಂದವರಂತೂ ಬಾಲ ಹಿಡಿಯಲು ಮಕ್ಕಳಿಗೆ ಬಿಡಲೇಬಾರದು, ಬಾಲದ ಚರ್ಮ ಸುಲಿದು ಕೈಗೆ ಬಂದುಬಿಡುತ್ತದೆ.

ಹತ್ತುವ ಏಣಿ, ಓಡುವ ಚಕ್ರ ಎಲ್ಲವನ್ನೂ ತೆಗೆದು ಕೆಲವು ವಾರ ಚಿಕ್ಕ ಪಂಜರದಲ್ಲಿ ಇಟ್ಟ ಮೇಲೆ ಕಾಲು ಕೂಡಿಕೊಂಡಿತು, ಸ್ವಲ್ಪ ಎಳೆದು ನಡೆಯುತ್ತದೆ. ಮಗಳು ಎರಡು ತಿಂಗಳು ಪಂಜರದ ಹತ್ತಿರ ಸುಳಿಯಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಈಗ ಸಂಜೆ ಪಂಜರದ ಮುಂದೆ ಕುಳಿತು ಕಾಯುತ್ತಾಳೆ. ಅದು ಹೊರಗೆ ಬಾರದ ದಿನ, "ಅದಕ್ಕೆ ಇವತ್ತು ನಿದ್ದೆ ಬಂದಿದೆ ಅಮ್ಮ" ಎಂದು ಪಿಸುಗುಟ್ಟಿ, ದೀಪ ಆರಿಸಿ ಎದ್ದು ಬರುತ್ತಾಳೆ.