ಮಳೆಗಾಲದಲ್ಲಿ ಸ್ಟುಡಿಯೋ ಮೈಕ್ ಹಿಡಿದು ಕರಾವಳಿಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ನನ್ನ ಮೈಕ್ ಕೆಟ್ಟಿರಲಿಲ್ಲ, ಬರೀ ಒದ್ದೆಯಾಗಿತ್ತು. ಅದು ಗೊತ್ತಾಗುವಷ್ಟರಲ್ಲಿ ನಾನೇ ದುಡ್ಡು ಕೊಟ್ಟು ಅದನ್ನು ಕೆಡಿಸಿಕೊಂಡಾಗಿತ್ತು.

ನಮ್ಮೂರು ಕುಂದಾಪುರದ ಹತ್ತಿರ. ಅಮ್ಮಮ್ಮನಿಗೆ 81 ವರ್ಷ. ಗದ್ದೆ ನಾಟಿ ಮಾಡುವಾಗಿನ ನಟ್ಟಿ ಹಾಡು, ಮದುವೆಯ ಶೋಭಾನೆ ಹಾಡು ಅವಳಿಗೆ ಬರುವಷ್ಟು ನಮ್ಮ ಕೇರಿಯಲ್ಲಿ ಇನ್ನು ಯಾರಿಗೂ ಬರುವುದಿಲ್ಲ. ಮೊಬೈಲಿನಲ್ಲಿ ಹಿಡಿದದ್ದು ಕೇಳಿದರೆ ಬಕೆಟ್ ಒಳಗಿಂದ ಹಾಡಿದ ಹಾಗಿರುತ್ತಿತ್ತು. ಅದಕ್ಕೇ ಬೆಂಗಳೂರಿನಲ್ಲಿ 16,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಕಂಡೆನ್ಸರ್ ಮೈಕ್ ತೆಗೆದುಕೊಂಡೆ. ಲಾರ್ಜ್ ಡಯಾಫ್ರಮ್ ಅಂತಾರಲ್ಲ, ಸಿನಿಮಾ ಹಾಡು ಹಾಡುವವರ ಮುಂದೆ ಜೋತಾಡುವ ದಪ್ಪನೆಯದು, ಅಂಥದ್ದು. ನನ್ನ ರೂಮಿನಲ್ಲಿ ಟೆಸ್ಟ್ ಮಾಡಿದಾಗ ಉಸಿರಾಡಿದ್ದೂ ಕೇಳುತ್ತಿತ್ತು. ಮಾರಿದವನದ್ದು ಏನೂ ತಪ್ಪಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಜುಲೈ, ಆಸಾಡಿ ಮಳೆ. ಎಸಿ ಸ್ಲೀಪರ್ ಬಸ್ಸಿನಲ್ಲಿ ರಾತ್ರಿಯಿಡೀ ಮೈಕಿನ ಪೆಟ್ಟಿಗೆಯನ್ನು ತಲೆಯ ಹತ್ತಿರ ಇಟ್ಟುಕೊಂಡೇ ಮಲಗಿದ್ದೆ. ಬೆಳಿಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದ ಕೂಡಲೇ ಕನ್ನಡಕ ಪೂರ್ತಿ ಮಂಜಾಯಿತು. ಅಂಗಿ ತುದಿಯಲ್ಲಿ ಒರೆಸಿಕೊಂಡು ರಿಕ್ಷಾ ಹತ್ತಿದೆ. ನನಗೆ ಅಲ್ಲೇ ಬುದ್ಧಿ ಬರಬೇಕಿತ್ತು.

ಮನೆಗೆ ಹೋದವನೇ ಜಗುಲಿಯಲ್ಲಿ ಸ್ಟ್ಯಾಂಡ್ ಹಾಕಿ ಮೈಕ್ ಹೊರತೆಗೆದೆ. ಮುಟ್ಟಿದರೆ ತಣ್ಣಗಿತ್ತು. ಅಮ್ಮಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಇದೆಂತ ಮಗಾ, ಜೇನ್ ಗೂಡ್ ಕಂಡಂಗ್ ಇತ್ತಲ್ದಾ" ಅಂದಳು. ಇಂಥ ಮೈಕಿಗೆ ತುದಿಯಿಂದ ಹಾಡುವುದಲ್ಲ, ಪಕ್ಕದಿಂದ, ಗುರುತು ಇರುವ ಕಡೆಯಿಂದ ಹಾಡಬೇಕು. ಸಭೆಯ ಮೈಕ್ ಕಂಡು ರೂಢಿಯಿದ್ದ ಅವಳಿಗೆ ಅದನ್ನು ಒಪ್ಪಿಸುವುದಕ್ಕೇ ಹತ್ತು ನಿಮಿಷ ಹೋಯಿತು. ಬಾಯಿಯ ಗಾಳಿ ಮೈಕಿಗೆ ಹೊಡೆಯದ ಹಾಗೆ ತಡೆಯುವ ಬಟ್ಟೆಯ ಪರದೆ, ಪಾಪ್ ಫಿಲ್ಟರ್, ಒಂದನ್ನು ಮಾತ್ರ ಮರೆಯದೆ ಹಾಕಿದ್ದೆ. ಎಲೆಅಡಿಕೆ ಬಾಯಿ ನೋಡಿ, ಸಂಜೆ ನೋಡಿದರೆ ಅದರ ಬಟ್ಟೆಯ ಮೇಲೆಲ್ಲ ಕೆಂಪು ಚುಕ್ಕೆ!

ಹೆಡ್‌ಫೋನ್ ಹಾಕಿ ಐದು ನಿಮಿಷ ಕೇಳಿದೆ, ಚೆನ್ನಾಗೇ ಇತ್ತು. ಹಂಚಿನ ಮೇಲೆ ಮಳೆ, ಗದ್ದೆಯ ಕಪ್ಪೆ, ಒಳಗಿನ ಫ್ರಿಜ್ಜಿನ ಗುಂಯ್ ಎಲ್ಲವೂ ಬರುತ್ತಿತ್ತು. ಫ್ರಿಜ್ ಆಫ್ ಮಾಡಿಸಿದೆ, ಕಪ್ಪೆಗೆ ಏನು ಮಾಡುವುದು? ನಾನು ಕಿವಿ ಮುಚ್ಚಿಕೊಂಡು ಕೂತರೆ ಅಮ್ಮಮ್ಮನಿಗೆ ಹಾಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಹೆಡ್‌ಫೋನ್ ತೆಗೆದಿಟ್ಟು ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಕುಣಿಯುವುದನ್ನಷ್ಟೇ ನೋಡುತ್ತಾ ಕೂತೆ. ಹಾಗೆ ಮಾಡಬೇಡಿ. ಎರಡು ಗಂಟೆ, 11 ಹಾಡು. ನಡುವೆ ಯಾವುದೋ ಹಾಡಿಗೆ ಅವಳು ಅತ್ತಳು ಕೂಡ.

ರಾತ್ರಿ ಕೇಳಿದೆ. ಒಂಬತ್ತನೇ ನಿಮಿಷದಿಂದ ಒಗ್ಗರಣೆ! ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ನಡುನಡುವೆ ಪಟ್ ಪಟ್. ಹಾಡು ಅದರ ಹಿಂದೆ ಎಲ್ಲೋ.

ಆಗಿದ್ದು ಇಷ್ಟೇ. ಈ ಮೈಕಿನ ಒಳಗೆ ಸುಮಾರು ಒಂದು ಇಂಚು ಅಗಲದ ಪ್ಲಾಸ್ಟಿಕ್ ಪೊರೆ ಇರುತ್ತದೆ. ದಪ್ಪ ಕೆಲವೇ ಮೈಕ್ರಾನ್. ಮೇಲೆ ಚಿನ್ನದ ಲೇಪ. ಅದರ ಹಿಂದೆ ಒಂದು ಲೋಹದ ಬಿಲ್ಲೆ. ಎರಡರ ನಡುವಿನ ಸಂದು ಒಂದು ಕೂದಲೆಳೆಯಷ್ಟೂ ಇಲ್ಲ. ಅಲ್ಲಿ ವಿದ್ಯುತ್ತಿನ ಚಾರ್ಜ್ ಅಲ್ಲಾಡದೆ ನಿಲ್ಲಬೇಕು. ಅದಕ್ಕಾಗಿ ಒಳಗೆ 100 ಕೋಟಿ ಓಮ್‌ನಷ್ಟು ದೊಡ್ಡ ರೆಸಿಸ್ಟರ್ ಹಾಕಿರುತ್ತಾರೆ. ಅಷ್ಟು ಬಿಗಿಯಾಗಿ ಕಟ್ಟಿಟ್ಟ ಚಾರ್ಜಿಗೆ ಒಂದಿಷ್ಟು ತೇವ ಸಿಕ್ಕರೆ ಸಾಕು, ಸೋರಿಹೋಗಲು ಅದೇ ದಾರಿ. ಸೋರುವ ಸದ್ದೇ ಆ ಚಟಪಟ. ಎಸಿ ಬಸ್ಸಿನಲ್ಲಿ ತಣ್ಣಗಾದ ಮೈಕನ್ನು ನಮ್ಮೂರ ಗಾಳಿಗೆ ಒಡ್ಡಿದರೆ ಕನ್ನಡಕಕ್ಕೆ ಆದದ್ದೇ ಅದಕ್ಕೂ ಆಗುತ್ತದೆ, ಒಳಗೆ ಆಗುವುದರಿಂದ ಕಾಣುವುದಿಲ್ಲ ಅಷ್ಟೇ.

ಇದೆಲ್ಲ ಆಗ ಗೊತ್ತಿರಲಿಲ್ಲ. ಕೇಬಲ್ ಸರಿ ಇಲ್ಲ ಅಂದುಕೊಂಡು ಅದರಲ್ಲೇ ಮೈಕಿಗೆ ಹೋಗುವ 48 ವೋಲ್ಟಿನ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಆಫ್ ಮಾಡದೇ ಕಿತ್ತೆ. ಸ್ಪೀಕರಿನಲ್ಲಿ ಧಡ್ ಅಂತ ಹೊಡೆದ ಸದ್ದಿಗೆ ಕೊಟ್ಟಿಗೆಯ ದನ ಎದ್ದು ನಿಂತಿತು. (ಆ 48ರ ಕತೆ ತಮಾಷೆ ಇದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋದವರಿಗೆ ಮೈಕ್ ಮಾಡಿಕೊಟ್ಟಾಗ, ಅವರ ಸ್ಟುಡಿಯೋದಲ್ಲಿ ಎಮರ್ಜೆನ್ಸಿ ದೀಪಕ್ಕೆ 48 ವೋಲ್ಟಿನ ಲೈನ್ ಆಗಲೇ ಇತ್ತಂತೆ. ಅದನ್ನೇ ಬಳಸಿದರು, ಅದೇ ಎಲ್ಲ ಕಡೆ ನಿಂತಿತು. ನಮ್ಮಲ್ಲಿ ಮಳೆ ಬಂದರೆ 230 ವೋಲ್ಟೇ ಇರುವುದಿಲ್ಲ.)

ಆಮೇಲೆ ಮೊಬೈಲ್ ನೀರಿಗೆ ಬಿದ್ದಾಗ ಮಾಡುವ ಹಾಗೆ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಜಾಲರಿಯ ಕಣ್ಣಿಗೆಲ್ಲ ಅಕ್ಕಿ ಹುಡಿ. ಅಮ್ಮ ಅದನ್ನು ಹಪ್ಪಳದ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡಲು ಹೇಳಿದಳು. ಪುಣ್ಯಕ್ಕೆ ಅದೊಂದು ಮಾಡಲಿಲ್ಲ. ಹೊಗೆ, ಮಸಿ ಆ ಪೊರೆಗೆ ಕೂತರೆ ಕತೆ ಮುಗಿದಂತೆ.

ಸೋಮವಾರದ ದಿನ ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಸೌಂಡ್ ಬಾಕ್ಸ್, ಆಂಪ್ಲಿಫೈಯರ್ ರಿಪೇರಿಯಲ್ಲಿ ಒಳ್ಳೆಯ ಕೈ. ಜಾಲರಿ ಬಿಚ್ಚಿ, "ಕೊಳೆ ಕೂತಿದೆ ಸಾರ್" ಅಂದವನೇ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಚಿನ್ನದ ಪೊರೆಯನ್ನು ಗಸಗಸ ಒರೆಸಿದ. ನಾನು ಎದುರಿಗೇ ನಿಂತಿದ್ದೆ, ಬೇಡ ಅನ್ನಲಿಲ್ಲ. ಅವನಿಗೆ ಗೊತ್ತಿದೆ ಅಂತ ನಾನು, ನನಗೆ ಬೇಕಾಗಿರುವುದು ಇದೇ ಅಂತ ಅವನು. 300 ರೂಪಾಯಿ ಕೊಟ್ಟು ಬಂದೆ. ಹಚ್ಚಿ ನೋಡಿದರೆ ಚಟಪಟ ಹೋಗಿತ್ತು, ಜೊತೆಗೆ ಸ್ವರವೂ. ಗೋಣಿಚೀಲ ಮುಚ್ಚಿಕೊಂಡು ಮಾತಾಡಿದ ಹಾಗೆ. ಲೇಪ ಎದ್ದು ಪೊರೆ ಸಡಿಲಾಗಿತ್ತು. ಹೊಸ ಕ್ಯಾಪ್ಸೂಲ್ (ಪೊರೆ, ಬಿಲ್ಲೆ ಇರುವ ಭಾಗ) ಹಾಕಿಸಲು ಕಂಪನಿಯವರು ಕೇಳಿದ ದುಡ್ಡಿಗೆ ಹೆಚ್ಚುಕಮ್ಮಿ ಇನ್ನೊಂದು ಮೈಕೇ ಬರುತ್ತಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮದುವೆ ಫೋಟೋ ತೆಗೆಯುವ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ ಬಿದ್ದು ಬಿದ್ದು ನಕ್ಕ. ಲೆನ್ಸಿಗೆ ಫಂಗಸ್ ಹಿಡಿಯಬಾರದು ಅಂತ ಅವರೆಲ್ಲ ಮಾಡುವುದನ್ನೇ ಮೈಕಿಗೂ ಮಾಡಿದ್ದರೆ ಸಾಕಿತ್ತು. ಎಸಿಯಿಂದ ಬಂದ ಮೇಲೆ ಪೆಟ್ಟಿಗೆಯ ಬಾಯಿ ತೆರೆಯದೆ ಎರಡು ಗಂಟೆ ಸುಮ್ನೆ ಬಿಡುವುದು. ಕೆಲಸ ಆದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡುವುದು. ಚಟಪಟ ಶುರುವಾದರೆ ಅದೇ ಡಬ್ಬಿಯಲ್ಲಿ ಒಂದು ದಿನ ಬಿಟ್ಟು ಮತ್ತೆ ಕೇಳುವುದು. ಹೆಚ್ಚಿನ ಸಲ ತಾನಾಗಿಯೇ ಸರಿಹೋಗುತ್ತದೆ. ಪೊರೆಯನ್ನು ಮಾತ್ರ ಬೆರಳಿನಿಂದಲೂ, ಬಟ್ಟೆಯಿಂದಲೂ, ಯಾರಿಂದಲೂ ಮುಟ್ಟಿಸಬೇಡಿ.

ನಿಜ ಹೇಳಬೇಕೆಂದರೆ, ಮಳೆಗಾಲದ ಜಗುಲಿಗೆ ಈ ಜಾತಿಯ ಮೈಕೇ ಬೇಕಾಗಿರಲಿಲ್ಲ. ಸುರುಳಿ, ಅಯಸ್ಕಾಂತದ ಡೈನಮಿಕ್ ಮೈಕಿನಲ್ಲಿ ಕಟ್ಟಿಡಬೇಕಾದ ಚಾರ್ಜೇ ಇಲ್ಲ, ಸೋರುವ ಮಾತೂ ಇಲ್ಲ. ಯಕ್ಷಗಾನದ ಭಾಗವತರ ಎದುರು ಹೆಚ್ಚಾಗಿ ನಿಲ್ಲುವುದು ಅದೇ. ಅಂಥದ್ದೇ ಆದ ಶೂರ್ ಕಂಪನಿಯ ಎಸ್‌ಎಂ58 ಅಂತೂ 1966ರಿಂದ ಬೆವರು, ಎಂಜಲು, ಮಳೆ ಎಲ್ಲವನ್ನೂ ಕಂಡಿದೆ. ಉಸಿರಿನ ಸಣ್ಣ ಎಳೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಪ್ಪೆಯೂ ಅಷ್ಟು ಬರುವುದಿಲ್ಲ ಅಲ್ವಾ?

ಜನವರಿಯಲ್ಲಿ ಅಂಥದ್ದೇ ಒಂದನ್ನು ಹಿಡಿದು ಊರಿಗೆ ಹೋದೆ. ಹೆಡ್‌ಫೋನ್ ಕಿವಿಯಿಂದ ತೆಗೆಯಲೇ ಇಲ್ಲ. ಅಮ್ಮಮ್ಮ ಶೋಭಾನೆ ನಾಲ್ಕು ಹಾಡಿದಳು. ನಟ್ಟಿ ಹಾಡು ಅಂದಾಗ ಮಾತ್ರ ಬಾಯಿ ಮುಚ್ಚಿ ಕೂತಳು. "ಈಗ ಎಂತ ನಟ್ಟಿ ಹಾಡ್ ಮಗಾ? ಕೊಯ್ಲ್ ಮುಗ್ದ್ ತಿಂಗ್ಳ್ ಆಯ್ತ್. ಮಳಿ ಬರ್ಲಿ, ಆಗ ಹೇಳ್ತೆ."